ಬೆಲೆ ಕಟ್ಟುವವರು ಯಾರು, ನಷ್ಟ ಹೊರುವವರು ಯಾರು?

ಊರು ಬಿಟ್ಟು ಹೊರಟಿರುವ, ಊರಲ್ಲೇ ಉಳಿಯಬೇಕೆಂದಿರುವ, ಎರಡರ ನಡುವೆ ಮನಸ್ಸು ತೂಗಾಡುತ್ತಿರುವ ಮಲೆನಾಡಿನ ಮಕ್ಕಳೇ,

ಜಾಗತೀಕರಣದ ಅನುಕೂಲ ಐದು, ಅನಾನುಕೂಲ ಐದು ಎಂದು ನೀವು ಪರೀಕ್ಷೆಯಲ್ಲಿ ಬರೆದು ಬಂದಿದ್ದೀರಿ. ಆ ಉತ್ತರಕ್ಕೆ ಅಂಕ ಸಿಗುತ್ತದೆ, ಆದರೆ ಬದುಕಿಗೆ ಅದು ಸಾಲದು. ನಾನು ಮೂಡಿಗೆರೆ ಸೀಮೆಯ ಸಣ್ಣ ಕಾಫಿ ಬೆಳೆಗಾರ. ಮಳೆ, ಕೂಲಿ, ಸಾಲ, ರೇಟು ಇವುಗಳ ನಡುವೆಯೇ ನನ್ನ ತಲೆ ಹಣ್ಣಾಗಿದೆ. ನನಗೆ ಚೆನ್ನಾಗಿ ಗೊತ್ತಿರುವುದು ಈ ಒಂದು ಬೆಳೆ. ಅದನ್ನೇ ಮುಂದಿಟ್ಟುಕೊಂಡು ನಿಮಗೆ ಎರಡು ಪ್ರಶ್ನೆಗಳನ್ನು ಕಲಿಸಬೇಕೆಂದಿದ್ದೇನೆ. ಯಾವುದೇ ಸರಕು, ಯಾವುದೇ ನೌಕರಿ, ಯಾವುದೇ ಹೊಸ ರೂಢಿ ನಿಮ್ಮ ಮುಂದೆ ಬಂದಾಗ ಕೇಳಿಕೊಳ್ಳಿ: ಇದರ ಬೆಲೆ ನಿರ್ಧಾರವಾಗುವುದು ಎಲ್ಲಿ? ಲೆಕ್ಕ ತಪ್ಪಿದ ದಿನ ನಷ್ಟ ಹೊರುವವರು ಯಾರು?

ನಮ್ಮ ಕಣದಿಂದಲೇ ಶುರು ಮಾಡೋಣ. ರೊಬಸ್ಟಾ ಚೆರಿ ಒಣಗಿದ ಮೇಲೆ ವ್ಯಾಪಾರಿ ರಾಶಿಯ ನಾಲ್ಕು ಕಡೆಯಿಂದ ಒಂದೊಂದು ಬೊಗಸೆ ಎತ್ತಿ, ಸಿಪ್ಪೆ ಬಿಡಿಸಿ, ಬೀಜ ತೂಗಿ, ತೇವಾಂಶದ ಮೀಟರಿಗೆ ಹಾಕಿ ನೋಡುತ್ತಾನೆ. 50 ಕೆ.ಜಿ. ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಇಳಿಯುತ್ತದೆ ಎಂಬುದೇ ಔಟ್‌ಟರ್ನ್. ಅದು 26 ಬಂತೋ 28 ಬಂತೋ ಎಂಬುದರ ಮೇಲೆ ಚೀಲದ ದುಡ್ಡು ಏರುತ್ತದೆ, ಇಳಿಯುತ್ತದೆ. ಇಲ್ಲಿಯವರೆಗಿನದು ನಮ್ಮ ಕೈಯಲ್ಲಿದೆ. ಹೊತ್ತಿಗೆ ಸರಿಯಾಗಿ ಗೊಬ್ಬರ ಹಾಕಿದ್ದರೆ, ಹಣ್ಣಾದದ್ದನ್ನಷ್ಟೇ ಕೊಯ್ಯಿಸಿದ್ದರೆ, ಹದವಾಗಿ ಒಣಗಿಸಿದ್ದರೆ ಔಟ್‌ಟರ್ನ್ ನಮ್ಮ ಶ್ರಮಕ್ಕೆ ಸಾಕ್ಷಿ ಹೇಳುತ್ತದೆ. ಆಮೇಲೆ ವ್ಯಾಪಾರಿ ಜೇಬಿನಿಂದ ಮೊಬೈಲ್ ತೆಗೆಯುತ್ತಾನೆ. ಅದರಲ್ಲಿರುವುದು ಲಂಡನ್ ಮಾರುಕಟ್ಟೆಯ ದರ. ಅರೇಬಿಕಾ ಆಗಿದ್ದರೆ ನ್ಯೂಯಾರ್ಕಿನದು. ಅಲ್ಲಿಂದ ಮುಂದಿನ ಮಾತಿನಲ್ಲಿ ನಮ್ಮ ಪಾತ್ರ ಬಹಳ ಕಡಿಮೆ. ವ್ಯಾಪಾರಿಯ ಮೇಲೆ ಸಿಟ್ಟು ಮಾಡಿಯೂ ಪ್ರಯೋಜನವಿಲ್ಲ, ಆ ದರವನ್ನು ಅವನೂ ಕಟ್ಟಿದವನಲ್ಲ.

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಸೇರಿದ ನಮ್ಮ ಕರ್ನಾಟಕದಲ್ಲಿ. ಬೆಳೆದದ್ದರ ದೊಡ್ಡ ಪಾಲು ಹಡಗು ಹತ್ತುತ್ತದೆ, ಇಟಲಿಯವರು ನಮ್ಮ ದೊಡ್ಡ ಗಿರಾಕಿಗಳು. ಹಾಗಾಗಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ನಮ್ಮ ಊರಿನ ಮದುವೆಗಳ ಗಾತ್ರ ಬದಲಾಗುತ್ತದೆ.

ಇದು ಯಾವಾಗಲೂ ಹೀಗೇ ಇರಲಿಲ್ಲ. 1942ರ ಕಾಫಿ ಕಾಯ್ದೆಯ ನಂತರ ದಶಕಗಳ ಕಾಲ ನಾವು ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ಬೋರ್ಡು ಹರಾಜು ಹಾಕಿ, ಬಂದ ಹಣವನ್ನು ಕಂತಿನಲ್ಲಿ ಕೊಡುತ್ತಿತ್ತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಪ್ರಕಾರ ಯಾವ ದೇಶ ಎಷ್ಟು ರಫ್ತು ಮಾಡಬೇಕೆಂಬ ಪಾಲೂ ನಿಗದಿಯಾಗಿತ್ತು. ದರ ಮುಗಿಲಿಗೂ ಏರಬಾರದು, ಪಾತಾಳಕ್ಕೂ ಇಳಿಯಬಾರದು ಎಂಬುದು ಅದರ ಉದ್ದೇಶ. 1989ರಲ್ಲಿ ಆ ಪಾಲು ಹಂಚಿಕೆಯ ಒಮ್ಮತ ಮುರಿದುಬಿತ್ತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ನಮ್ಮ ದೇಶವೂ ಆರ್ಥಿಕತೆಯ ಬಾಗಿಲು ತೆರೆಯಿತು. 90ರ ದಶಕದ ನಡುವಿಗೆ ಪೂಲ್ ಪದ್ಧತಿ ಕೊನೆಗೊಂಡು, ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಬೆಳೆಗಾರನಿಗೆ ಬಂತು.

ಆ ಸ್ವಾತಂತ್ರ್ಯವನ್ನು ಯಾರೋ ನಮ್ಮ ಮೇಲೆ ಹೇರಿದರು ಎಂದು ಮಾತ್ರ ತಿಳಿಯಬೇಡಿ. ಬೆಳೆಗಾರರೇ ಕೇಳಿ ಪಡೆದದ್ದು ಅದು. ಕಂತಿನ ಹಣಕ್ಕೆ ಕಾದು ಕಾದು ಬೇಸತ್ತಿದ್ದರು. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟುಹೋದಾಗ ದರ ಗಗನಕ್ಕೇರಿತು. ನಮ್ಮಲ್ಲಿ ಹೊಸ ಮನೆ, ಹೊಸ ಜೀಪು, ಮಕ್ಕಳಿಗೆ ದೊಡ್ಡ ಊರಿನ ಕಾಲೇಜು ಎಲ್ಲವೂ ಬಂದವು. ನಿಮ್ಮಲ್ಲಿ ಎಷ್ಟೋ ಮಂದಿಯ ಅಪ್ಪ ಅಮ್ಮ ಓದಿದ್ದು ಆ ದುಡ್ಡಿನಿಂದ. ತೆರೆದ ಮಾರುಕಟ್ಟೆಯನ್ನು ಬಯ್ಯುವಾಗ ಇದನ್ನು ಮರೆಯಬಾರದು.

ಆ ದರ ಕಂಡವರು ನಾವೊಬ್ಬರೇ ಅಲ್ಲ. ವಿಯೆಟ್ನಾಂನ ಡಾಕ್ ಲಾಕ್ ಬೆಟ್ಟಸಾಲಿನ ರೈತರೂ ಗಿಡ ನೆಟ್ಟರು. 80ರ ದಶಕದಲ್ಲಿ ಕಾಫಿಯ ಲೆಕ್ಕಕ್ಕೇ ಇಲ್ಲದಿದ್ದ ಆ ದೇಶ, ಶತಮಾನ ಮುಗಿಯುವ ಹೊತ್ತಿಗೆ ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂದು ನಿಂತಿತು. ಜಗತ್ತಿನ ಗೋದಾಮುಗಳಲ್ಲಿ ಕಾಫಿ ತುಂಬಿ ತುಳುಕಿತು. 2001ರಲ್ಲಿ ದರ ದಶಕಗಳಲ್ಲೇ ಕಂಡಿರದ ಮಟ್ಟಕ್ಕೆ ಕುಸಿಯಿತು.

ಆಗ ಇಲ್ಲಿ ಆದದ್ದನ್ನು ನೀವು ನೋಡಿಲ್ಲ, ಹೇಳುತ್ತೇನೆ ಕೇಳಿ. ಮೊದಲು ಗೊಬ್ಬರ ನಿಂತಿತು. ಆಮೇಲೆ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ನಿಂತಿತು, ನೆರಳು ಕವಿದು ಗಿಡ ಸೊರಗಿತು. ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹತ್ತಿದರೂ ರೋಗದ ಗಿಡ ಕಿತ್ತು ಸುಡಿಸಲು ಆಳಿಗೆ ಕೊಡುವ ದುಡ್ಡಿರಲಿಲ್ಲ. ಬ್ಯಾಂಕಿನ ನೋಟಿಸು ಬಂತು, ಮನೆಯ ಹೆಣ್ಣುಮಕ್ಕಳ ಬಳೆ ಅಡವು ಅಂಗಡಿಗೆ ಹೋಯಿತು. ಕೊನೆಗೆ ತೋಟದ ಲೈನ್ ಮನೆಗಳಲ್ಲಿ ವಾಸವಿದ್ದ ಆಳುಗಳ ಕೆಲಸದ ದಿನಗಳು ಕಡಿಮೆಯಾದವು. ವಾರವಿಡೀ ಕೆಲಸವಿದ್ದ ಕಡೆ ಮೂರು ದಿನ, ಎರಡು ದಿನ. ಅವರಿಗೆ ಅಡವಿಡಲು ಬಳೆಯೂ ಇರಲಿಲ್ಲ. ಅವರ ಮಕ್ಕಳು ಶಾಲೆ ಬಿಟ್ಟರು. ಅದೇ ವರ್ಷಗಳಲ್ಲಿ ದೂರದ ದೇಶಗಳ ಹೋಟೆಲುಗಳಲ್ಲಿ ಒಂದು ಕಪ್ ಕಾಫಿಯ ಬೆಲೆ ಮಾತ್ರ ಇಳಿಯಲಿಲ್ಲ.

ನಷ್ಟ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಲಂಡನ್‌ನಲ್ಲಿ ಆದ ಏರುಪೇರು ರಫ್ತುದಾರನನ್ನು ದಾಟಿ, ತೋಟದ ಮಾಲೀಕನನ್ನು ದಾಟಿ, ಕೂಲಿಯವಳ ಮಗುವಿನ ಪಾಟೀಚೀಲದಲ್ಲಿ ಹೋಗಿ ನಿಂತಿತು. ಜಾಗತೀಕರಣದ ಲಾಭ ನಷ್ಟವನ್ನು ದೇಶದ ಒಟ್ಟು ಲೆಕ್ಕದಲ್ಲಿ ಮಾತ್ರ ನೋಡುವವರಿಗೆ ಆ ಚೀಲ ಕಾಣುವುದಿಲ್ಲ. ನೀವು ಅದನ್ನು ನೋಡಬೇಕು.

ವಿಯೆಟ್ನಾಂನ ರೈತನನ್ನು ಶತ್ರು ಎಂದುಕೊಳ್ಳಬೇಡಿ. ಅವನೂ ನಮ್ಮ ಹಾಗೆ ದರ ನೋಡಿ ಗಿಡ ನೆಟ್ಟವನು, ಆ ಕುಸಿತದಲ್ಲಿ ಅವನೂ ಬಿದ್ದ. 2024ರಲ್ಲಿ ಅವನ ತೋಟಕ್ಕೆ ಬರ ಬಡಿದಾಗ ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು, ನಮ್ಮ ಊರುಗಳಲ್ಲಿ ನಗು ಮೂಡಿತು. ಸಂತೋಷಪಡಿ, ಸಾಲ ತೀರಿಸಿ, ಗಿಡಕ್ಕೆ ಗೊಬ್ಬರ ಹಾಕಿ. ಆದರೆ ಆ ದುಡ್ಡು ಎಲ್ಲಿಂದ ಬಂತು ಎಂಬುದು ತಿಳಿದಿರಲಿ. ಒಳ್ಳೆಯ ವರ್ಷದ ರೇಟು ನೋಡಿ ಕೆಟ್ಟ ವರ್ಷ ತೀರಿಸಲಾಗದ ಸಾಲ ಮಾಡಬೇಡಿ. ಮೆಣಸು, ಅಡಿಕೆ, ಕಿತ್ತಳೆ, ಎರಡು ಹಸು, ನೆರಳಿನ ಹಲವು ಜಾತಿ ಮರ ಇಟ್ಟುಕೊಂಡ ಹಳಬರು ದಡ್ಡರಾಗಿರಲಿಲ್ಲ. ಒಂದು ಬೆಳೆ ಕೈಬಿಟ್ಟಾಗ ಇನ್ನೊಂದು ಒಲೆ ಉರಿಸುತ್ತಿತ್ತು.

ಇನ್ನು ಒಪ್ಪಂದಗಳ ಮಾತು. ಭಾರತ ಮತ್ತು ಶ್ರೀಲಂಕಾ ನಡುವೆ 1998ರಲ್ಲಿ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಅದರ ದಾರಿಯಲ್ಲಿ ವಿಯೆಟ್ನಾಂನ ಅಗ್ಗದ ಮೆಣಸು ಶ್ರೀಲಂಕಾದ ಹೆಸರು ಹೊತ್ತು ಬರುತ್ತಿದೆ ಎಂದು ನಮ್ಮ ಬೆಳೆಗಾರರು ಕೂಗು ಹಾಕಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆ.ಜಿ.ಗೆ 500 ರೂಪಾಯಿಯ ಕನಿಷ್ಠ ಬೆಲೆ ನಿಗದಿ ಮಾಡಿತು. 2019ರಲ್ಲಿ ಆರ್‌ಸಿಇಪಿ ಎಂಬ ದೊಡ್ಡ ವ್ಯಾಪಾರ ಕೂಟಕ್ಕೆ ಭಾರತ ಸೇರುವ ಮಾತು ಬಂದಾಗ ಹೊರದೇಶದ ಹಾಲಿನ ಪುಡಿಗೆ ಹೆದರಿದ ಹೈನುಗಾರರು ಬೀದಿಗಿಳಿದರು. ಆ ನವೆಂಬರಿನಲ್ಲಿ ಭಾರತ ಹಿಂದೆ ಸರಿಯಿತು. ಇದರಿಂದ ಒಂದು ಪಾಠ ಕಲಿಯಿರಿ. ಜಾಗತೀಕರಣ ತಾನಾಗಿ ಬೀಸುವ ಗಾಳಿಯಲ್ಲ. ಅದನ್ನು ಮನುಷ್ಯರು ಮೇಜಿನ ಸುತ್ತ ಕುಳಿತು, ಕಲಮು ಕಲಮಾಗಿ ಬರೆಯುತ್ತಾರೆ. ಬರೆಯುವ ಮೊದಲೇ ಒಟ್ಟಾಗಿ ದನಿ ಎತ್ತಿದವರ ಮಾತಿಗೆ ಬೆಲೆ ಬರುತ್ತದೆ, ಸಹಿ ಬಿದ್ದ ಮೇಲೆ ಕೂಗಿದವರು ಪರಿಹಾರಕ್ಕೆ ಬಹಳ ಕಾಲ ಕಾಯಬೇಕಾಗುತ್ತದೆ.

ಈಗಿನ ಉದಾಹರಣೆಯೂ ಕಣ್ಣ ಮುಂದಿದೆ. 2020ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ತನ್ನಲ್ಲಿ ಜಾಗವಿಲ್ಲ ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಅದರ ಜಾರಿ ಮುಂದಕ್ಕೆ ಹೋಗಿದ್ದರೂ ಕಾನೂನು ಹೋಗಿಲ್ಲ. ಅದರ ಉದ್ದೇಶ ಒಳ್ಳೆಯದು. ಮರದ ನೆರಳಲ್ಲೇ ಕಾಫಿ ಬೆಳೆಯುವ ನಮಗೆ ಅದು ಅನುಕೂಲವೂ ಆಗಬಹುದು. ಆದರೆ ಪ್ರತಿ ತುಂಡು ನೆಲದ ಅಕ್ಷಾಂಶ ರೇಖಾಂಶ ದಾಖಲಿಸಬೇಕು. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಎರಡು ಎಕರೆ ಇಟ್ಟುಕೊಂಡ ಅಜ್ಜಿಗೆ ಇದನ್ನು ಮಾಡಿಕೊಡುವವರು ಯಾರು? ನೀವೇ. ಕಲಿತ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇಕೆ? ರಜೆಗೆ ಊರಿಗೆ ಬಂದಾಗ ನಾಲ್ಕು ಮನೆಯ ತೋಟದ ದಾಖಲೆ ಮಾಡಿಕೊಡಿ.

ಬೆಂಗಳೂರಿಗೆ ಹೊರಟವರೇ, ಈ ಮಾತು ತೋಟದವರಿಗೆ ಮಾತ್ರ ಎಂದುಕೊಳ್ಳಬೇಡಿ. 1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಆ ನಗರಕ್ಕೆ ಬಂದಾಗಿನಿಂದ ಅಲ್ಲಿನ ಲಕ್ಷಾಂತರ ನೌಕರಿಗಳ ಬೇರು ಹೊರದೇಶದಲ್ಲಿದೆ. ಬೆಳೆಗಾರನ ಮಗಳು ಬೇರೆ ಖಂಡದ ಕಂಪನಿಗೆ ಕೆಲಸ ಮಾಡಿ ತಂದೆಯ ಸಾಲ ತೀರಿಸಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದು ಹೆಮ್ಮೆಯ ಸಂಗತಿ. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಇಲ್ಲಿನ ಎಷ್ಟೋ ಹುಡುಗರ ಕೆಲಸ ಹೋದದ್ದೂ ನಿಜ. ನಿಮ್ಮ ಸಂಬಳಕ್ಕೂ ನಮ್ಮ ಕಾಫಿಗೂ ಬೆಲೆ ಕಟ್ಟುವ ಜಾಗ ದೂರದಲ್ಲೇ ಇದೆ. ಆದ್ದರಿಂದ ಸಂಬಳ ಏರಿದ ಮಾತ್ರಕ್ಕೆ ಕಂತಿನ ಹೊರೆ ಏರಿಸಬೇಡಿ. ಒಂದೇ ಕಂಪನಿಗೆ ಉಪಯೋಗವಾಗುವ ಕೆಲಸಕ್ಕಿಂತ ಎಲ್ಲಿ ಹೋದರೂ ಕೈಹಿಡಿಯುವ ವಿದ್ಯೆ ಕಲಿಯಿರಿ.

ಸಂಸ್ಕೃತಿಯ ವಿಷಯದಲ್ಲಿ ನಿಮಗೆ ಎರಡು ಬಗೆಯ ದೊಡ್ಡ ದನಿಗಳು ಕೇಳಿಸುತ್ತವೆ. ಹೊರಗಿನದೆಲ್ಲ ಕೊಳಕು ಎನ್ನುವುದು ಒಂದು, ನಮ್ಮದೆಲ್ಲ ಹಳಸಲು ಎನ್ನುವುದು ಇನ್ನೊಂದು. ಎರಡಕ್ಕೂ ಕಿವಿಗೊಡಬೇಡಿ. ಬಾಬಾಬುಡನ್ ಯೆಮೆನ್‌ನಿಂದ ತಂದರು ಎಂದು ನಾವು ನಂಬುವ ಕಾಫಿಯ ಮೂಲ ನೆಲ ಇಥಿಯೋಪಿಯಾ. ಬ್ಯಾಡಗಿಯ ಹೆಸರು ಬೆಳಗಿದ ಮೆಣಸಿನಕಾಯಿಯ ಪೂರ್ವಜರು ಅಮೆರಿಕ ಖಂಡದವರು, ಪೋರ್ಚುಗೀಸರ ಹಡಗಿನಲ್ಲಿ ಬಂದವರು. ಅವು ನಮ್ಮವಾದದ್ದು ನಮ್ಮ ಜನ ಅವನ್ನು ತಮ್ಮ ಮಣ್ಣಿಗೆ, ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಾಗ. ಇಟಲಿಯವರು ಎಸ್ಪ್ರೆಸೊ ಮಾಡಿದರು, ನಾವು ಡಿಕಾಕ್ಷನ್ ಇಳಿಸಿ ನೊರೆಹಾಲು ಬೆರೆಸಿದೆವು. 2019ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳು ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದವು. ಹೊರಗಿನದನ್ನು ತೆಗೆದುಕೊಳ್ಳಿ, ಆದರೆ ಅದರಲ್ಲಿ ನಿಮ್ಮ ಕೈಕೆಲಸವೂ ಸೇರಲಿ. ಬರಿದೇ ಕೊಂಡು ಬಳಸುವವನ ಕೈಯಲ್ಲಿ ಏನೂ ಬೆಳೆಯುವುದಿಲ್ಲ. ಮೊಬೈಲಿನಲ್ಲಿ ಜಗತ್ತಿನ ಹಾಡು ಕೇಳಿ, ಅದೇ ಮೊಬೈಲಿನಲ್ಲಿ ನಿಮ್ಮಜ್ಜಿ ಹೇಳುವ ನಾಟಿ ಹಾಡನ್ನು ರೆಕಾರ್ಡ್ ಮಾಡಿ. ಅಜ್ಜಿಯ ಜೊತೆಗೇ ಅದು ಹೊರಟುಹೋದರೆ ಯಾವ ಮಾರುಕಟ್ಟೆಯಲ್ಲೂ ಸಿಗುವುದಿಲ್ಲ.

ಕೊನೆಯ ಮಾತು ನಮ್ಮ ಸಮಾಜದ್ದು. ನೀವು ಹೊರಟ ಊರಿಗೆ ಈಗ ಅಸ್ಸಾಂನಿಂದ, ಜಾರ್ಖಂಡ್‌ನಿಂದ ಜನ ಕೊಯ್ಲಿಗೆ ಬರುತ್ತಿದ್ದಾರೆ. ಹೆಂಡತಿ ಮಕ್ಕಳ ಜೊತೆ ದಿನಗಟ್ಟಲೆ ರೈಲಿನಲ್ಲಿ ಕುಳಿತು ಬಂದು, ನಮ್ಮ ಲೈನ್ ಮನೆಗಳಲ್ಲಿ ಬಿಡಾರ ಹೂಡುತ್ತಾರೆ. ಅವರಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಉದುರುತ್ತದೆ. ಅವರನ್ನು ಅನುಮಾನದ ಕಣ್ಣಿನಿಂದ ನೋಡುವ ಮೊದಲು, ನಿಮ್ಮ ಅಣ್ಣನೋ ಅಕ್ಕನೋ ದುಬೈಯಲ್ಲಿ, ಡಲ್ಲಾಸ್‌ನಲ್ಲಿ ಹೀಗೇ ಪರಸ್ಥಳದವರಾಗಿ ಬದುಕುತ್ತಿದ್ದಾರೆ ಎಂಬುದನ್ನು ನೆನೆಯಿರಿ. ಅವರ ಮಕ್ಕಳಿಗೆ ಕನ್ನಡ ಶಾಲೆಯ ಬಾಗಿಲು ತೆರೆಸಿ, ಅಕ್ಷರ ಹೇಳಿಕೊಡಿ. ಎಷ್ಟೋ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುವ ಸ್ಥಿತಿಯಲ್ಲಿವೆ. ಆ ಶಾಲೆಯೂ ಉಳಿಯುತ್ತದೆ, ಆ ಮಗುವೂ ಉಳಿಯುತ್ತದೆ.

ಲಂಡನ್ ದರವನ್ನು ನಾವು ಬದಲಿಸಲಾರೆವು. ಲೈನ್ ಮನೆಯ ಕೂಲಿ, ನೀರು, ಶೌಚಾಲಯ ಮಾತ್ರ ನಮ್ಮ ಕೈಯಲ್ಲೇ ಇವೆ. ರೇಟು ಏರಿದ ವರ್ಷ ಆಳಿನ ಕೈಗೂ ನಾಲ್ಕು ಕಾಸು ಹೆಚ್ಚು ಹೋಗದಿದ್ದರೆ, ಜಗತ್ತು ನಮಗೆ ಅನ್ಯಾಯ ಮಾಡಿತು ಎಂದು ದೂರುವ ಹಕ್ಕು ನಮಗಿರುವುದಿಲ್ಲ. ತೋಟದಲ್ಲಿರಿ, ಟೆಕ್ ಪಾರ್ಕಿನಲ್ಲಿರಿ, ನಿಮಗಿಂತ ಕೆಳಗೆ ನಿಂತವರ ಪಾಲನ್ನು ಮೊದಲು ಕೊಡಿ. ಆಮೇಲೆ ನೆರೆಹೊರೆಯವರನ್ನು ಜೊತೆಗೂಡಿಸಿಕೊಂಡು, ಲೆಕ್ಕದ ಕಾಗದ ಕೈಯಲ್ಲಿ ಹಿಡಿದು, ಮೇಲಿನವರ ಹತ್ತಿರ ನಿಮ್ಮ ಪಾಲನ್ನು ಧೈರ್ಯವಾಗಿ ಕೇಳಿ.