ಬಳ್ಳಾರಿಯಿಂದ ಮದ್ರಾಸಿಗೆ: ‘ಅಭಿನಯ ಶಾರದೆ’ ಜಯಂತಿ

ಬಳ್ಳಾರಿಯಲ್ಲಿ ಹುಟ್ಟಿದ ಕಮಲಾ ಕುಮಾರಿ ಬಾಲ್ಯದಲ್ಲೇ ತಾಯಿಯೊಂದಿಗೆ ಮದ್ರಾಸಿಗೆ ವಲಸೆ ಹೋದರು. ಅಲ್ಲಿನ ನೃತ್ಯಶಾಲೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಹುಡುಗಿಯನ್ನು ಗುರುತಿಸಿದವರು ನಿರ್ದೇಶಕ ವೈ.ಆರ್. ಸ್ವಾಮಿ. ‘ಜೇನುಗೂಡು’ (1963) ಚಿತ್ರದಿಂದ ಆಕೆ ಜಯಂತಿಯಾದರು.

‘ಮಿಸ್ ಲೀಲಾವತಿ’ಯಲ್ಲಿ (1965) ಈಜುಡುಗೆ ತೊಟ್ಟ ಆಧುನಿಕ ಯುವತಿಯಾಗಿ ಬಂದು ಕನ್ನಡ ನಾಯಕಿಯ ಚೌಕಟ್ಟನ್ನೇ ಮುರಿದರು. ಭಾರತೀಸುತರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರದ ಮಾಧವಿ ಪಾತ್ರಕ್ಕೆ ಶ್ರೇಷ್ಠ ನಟಿ ರಾಜ್ಯ ಪ್ರಶಸ್ತಿ ಒಲಿಯಿತು.

ನೆನಪಿಡಿ: ತಮಿಳಿನಲ್ಲಿ ಕೆ. ಬಾಲಚಂದರ್ ಅವರ ‘ಎದಿರ್ ನೀಚ್ಚಲ್’ (1968), ತೆಲುಗಿನಲ್ಲಿ ಎನ್.ಟಿ. ರಾಮರಾವ್ ಜೊತೆ ‘ಕೊಂಡವೀಟಿ ಸಿಂಹಂ’ (1981).

ನಿಧನ: 26 ಜುಲೈ 2021, ಬೆಂಗಳೂರು.

ರಸಪ್ರಶ್ನೆಯಲ್ಲಿ ಬಳ್ಳಾರಿಯ ರಂಗನಟಿಯ ಬಗ್ಗೆ ಕೇಳಿದರೆ ಉತ್ತರ ಜಯಂತಿಯಲ್ಲ: ‘ರಕ್ತರಾತ್ರಿ’ ನಾಟಕದ ದ್ರೌಪದಿ ಪಾತ್ರಕ್ಕೆ ಹೆಸರಾದ ಸುಭದ್ರಮ್ಮ ಮನ್ಸೂರು.