ಎಲೆಯ ವೇಷದ ಹಳದಿ ಪಾತರಗಿತ್ತಿ: ಹುಡುಕುವ ಬಗೆ, ಚಿತ್ರ ತೆಗೆಯುವ ಬಗೆ

ಮಗಳ ಮನೆಗೆಂದೋ ಮಗನ ಮನೆಗೆಂದೋ ಮಾರ್ಚ್ ತಿಂಗಳಲ್ಲಿ ದಕ್ಷಿಣ ಇಂಗ್ಲೆಂಡಿಗೆ ಹೋಗಿ, ಚಳಿಗಂಜಿ ಕಿಟಕಿಯ ಬಳಿಯೇ ದಿನಗಳೆಯುವ ನಮ್ಮವರು, ಬಿಸಿಲು ಬಿದ್ದ ಒಂದು ದಿನ ಬೇಲಿಯ ಉದ್ದಕ್ಕೂ ಗಂಧಕವರ್ಣದ ಚೂರೊಂದು ಅವಸರವಸರವಾಗಿ ಹಾರಿಹೋಗುವುದನ್ನು ಕಂಡರೆ, ಅದನ್ನು ಗಾಳಿಗೆ ಸಿಕ್ಕ ಕಾಗದವೆಂದು ಬಗೆಯದೆ ಕ್ಯಾಮೆರಾ ಹಿಡಿದು ಹೊರಗೆ ಬರಬೇಕು. ಲಿನೇಯಸನು 1758ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದ, ಆ ನಾಡಿನವರು ಬ್ರಿಮ್‌ಸ್ಟೋನ್ ಎಂದು ಕರೆಯುವ ಪಾತರಗಿತ್ತಿಯ ಗಂಡು ಅದು. ನಮ್ಮ ಕಕ್ಕೆಮರದ ಎಳೆಯ ಎಲೆಗಳ ಮೇಲೆ ಮೊಟ್ಟೆಯಿಡುವ ಎಮಿಗ್ರಂಟ್ ಪಾತರಗಿತ್ತಿಯ ಕುಲಕ್ಕೇ ಸೇರಿದ್ದು. ಬಟರ್‌ಫ್ಲೈ ಎಂಬ ಶಬ್ದವೇ ಇದರ ಬೆಣ್ಣೆಬಣ್ಣದಿಂದ ಹುಟ್ಟಿತೆಂದು ಹೇಳುವವರುಂಟು. ನಾನು ಆ ಮಾತನ್ನು ನಂಬಿಯೂ ಇಲ್ಲ, ಬಿಟ್ಟೂ ಇಲ್ಲ.

ಮೊದಲು ಮಾಡಬೇಕಾದದ್ದು ಬೆನ್ನಟ್ಟದಿರುವುದು. ಹೆಣ್ಣನ್ನು ಅರಸುತ್ತ ಬೇಲಿಯಿಂದ ಬೇಲಿಗೆ ಅಲೆಯುವ ಗಂಡಿನ ಹಿಂದೆ ಓಡಿ ನಾನು ಒಂದು ವಸಂತವನ್ನೇ ವ್ಯರ್ಥಗೊಳಿಸಿದ್ದೇನೆ. ಅದು ಬರುವ ಎಡೆಯನ್ನು ತಿಳಿದು ಅಲ್ಲಿ ಕಾದು ನಿಲ್ಲುವುದೇ ಸರಿಯಾದ ಕ್ರಮ. ಪ್ರಿಮ್‌ರೋಸ್, ಡ್ಯಾಂಡೆಲಿಯನ್ ಹೂಗಳು ಅರಳಿದ ಬಿಸಿಲಿನ ದಿಬ್ಬ ಒಂದು. ಬಕ್‌ಥಾರ್ನ್ ಪೊದೆ ಇನ್ನೊಂದು. ಈ ಪೊದೆಯಲ್ಲಿ ಎರಡು ಜಾತಿ: ಸುಣ್ಣದ ಅಂಶವಿರುವ ನೆಲದಲ್ಲಿ ಬೆಳೆಯುವುದು ಒಂದು, ತೇವದ, ಹುಳಿಗುಣದ ಮಣ್ಣಿನಲ್ಲಿ ಬೆಳೆಯುವ ಆಲ್ಡರ್ ಬಕ್‌ಥಾರ್ನ್ ಮತ್ತೊಂದು. ಹಿಂದಿನ ಕಾಲದಲ್ಲಿ ಎರಡನೆಯದರ ಇದ್ದಿಲಿನಿಂದ ಕೋವಿಮದ್ದು ಮಾಡುತ್ತಿದ್ದರು. ಪಾತರಗಿತ್ತಿಗೆ ಈ ಎರಡೂ ಆದೀತು.

ಕುಳಿತಾಗ ಇದು ರೆಕ್ಕೆ ಬಿಚ್ಚುವುದೇ ಇಲ್ಲ. ಮೇಲ್ಮೈಯ ಹೊಳಪು ಹಾರಾಟದಲ್ಲಿ ಮಾತ್ರ ಕಾಣುವಂಥದು. ಮುಚ್ಚಿದ ರೆಕ್ಕೆಯಾದರೋ ಎಲೆಯೇ ಸರಿ: ತುದಿ ಚೂಪು, ಉಬ್ಬಿದ ನರಗಳು, ನಡುವೆ ಕೀಟ ಕೊರೆದ ಗುರುತಿನಂತಹ ಒಂದು ಕಂದುಚುಕ್ಕೆ. ರೆಕ್ಕೆ ಮುಚ್ಚಿರುವುದು ಛಾಯಾಗ್ರಾಹಕನಿಗೆ ಅನುಕೂಲವೇ. ಇಡೀ ಪಾತರಗಿತ್ತಿ ಒಂದೇ ಸಮತಲದಲ್ಲಿರುವುದರಿಂದ ಕ್ಯಾಮೆರಾದ ಬೆನ್ನನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿದರೆ ಸಾಕು, ಎಫ್/8ರ ಅಪರ್ಚರ್‌ನಲ್ಲಿ ಮೀಸೆಯಿಂದ ರೆಕ್ಕೆಯಂಚಿನವರೆಗೆ ಸ್ಫುಟತೆ ಬಹುಮಟ್ಟಿಗೆ ದೊರೆಯುತ್ತದೆ. 100 ಮಿ.ಮೀ. ಮ್ಯಾಕ್ರೋ ಲೆನ್ಸ್ ಒಳ್ಳೆಯದು, 300 ಮಿ.ಮೀ. ಜೂಮ್ ಇದ್ದರೂ ಕೆಲಸ ಕೆಡದು. ಶಟರ್ ವೇಗ 1/500 ಸೆಕೆಂಡಿಗಿಂತ ಇಳಿಯದಿರಲಿ. ತಂಪಾದ ಮುಂಜಾನೆಗಳಲ್ಲಿ ಇದು ಪಕ್ಕಕ್ಕೆ ವಾಲಿ, ರೆಕ್ಕೆಯ ಒಂದು ಮಗ್ಗುಲನ್ನು ಸೂರ್ಯನಿಗೊಡ್ಡಿ ಮೈ ಕಾಯಿಸಿಕೊಳ್ಳುತ್ತದೆ. ತಗ್ಗಿ, ತನ್ನ ನೆರಳು ಅದರ ಮೇಲೆ ಬೀಳದಂತೆ ಸಮೀಪಿಸಬಲ್ಲವನಿಗೆ ಇದಕ್ಕಿಂತ ಶುಭಮುಹೂರ್ತವಿಲ್ಲ.

ಕೈಕೊಡುವುದು ಹಳದಿಯೇ. ನನ್ನ ಮೊದಲ ಚಿತ್ರಗಳಲ್ಲಿ ನರವೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ. ಗೋಡೆಗೆ ಬಳಿದ ಅರಿಸಿನದಂತಹ ಒಂದು ಮಚ್ಚೆ ಮಾತ್ರ ಇತ್ತು. ಸುತ್ತಲಿನ ಹಸುರನ್ನು ನಂಬಿ ಬೆಳಕನ್ನು ಅಳೆಯುವ ಯಂತ್ರವು ಹೊಳೆಯುವ ರೆಕ್ಕೆಗೆ ಹೆಚ್ಚು ಬೆಳಕನ್ನು ಬಿಡುತ್ತದೆ. ಆದುದರಿಂದ ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪಿನಷ್ಟು ತಗ್ಗಿಸಿ, ಹಿಸ್ಟೋಗ್ರಾಮಿನಲ್ಲಿ ಕೆಂಪು ವರ್ಣದ ರೇಖೆ ಬಲಗೋಡೆಗೆ ಬಡಿಯದಂತೆ ನೋಡಿಕೊಳ್ಳಬೇಕು. ಆಮೇಲೆ ಬೆಳಕಿಗೆ ಎದುರಾಗಿ ನಿಂತೂ ಒಂದು ಚಿತ್ರ ತೆಗೆಯಿರಿ: ರೆಕ್ಕೆಯೊಳಗಿಂದ ಸೂರ್ಯನು ಸೋಸಿ ಬರುವಾಗ ಮೇಲ್ಮೈಯ ಕಿತ್ತಳೆಬೊಟ್ಟು ಒಳಗಣ ದೀಪದಂತೆ ಮೂಡುತ್ತದೆ.

ಏಪ್ರಿಲ್ ಕಳೆಯುವ ಹೊತ್ತಿಗೆ ಹೆಣ್ಣಿನ ಕಡೆ ಗಮನ ಹರಿಸಬೇಕು. ನಸುಹಸುರು ಬೆರೆತ ಬಿಳುಪಿನ ಅದನ್ನು ಅನೇಕರು ಕೋಸಿನ ಬಿಳಿ ಪಾತರಗಿತ್ತಿಯೆಂದು ಭ್ರಮಿಸಿ ಬಿಟ್ಟುಬಿಡುತ್ತಾರೆ. ಅದು ಬಕ್‌ಥಾರ್ನ್ ಪೊದೆಯ ಸುತ್ತ ಸುಳಿದು, ಕ್ಷಣಕಾಲ ಕುಳಿತು ಹೊಟ್ಟೆ ಬಾಗಿಸಿದ ರೆಂಬೆಯನ್ನು ಗುರುತಿಟ್ಟುಕೊಂಡು, ಅದು ಹೋದ ಬಳಿಕ ಎಳೆಯ ಎಲೆಗಳ ಅಡಿಭಾಗವನ್ನು ಮೆಲ್ಲನೆ ಎತ್ತಿ ನೋಡಿದರೆ, ಒಂದೊಂದಾಗಿ ನೆಟ್ಟಗೆ ನಿಲ್ಲಿಸಿದ, ಏಣುಗಳುಳ್ಳ ಪುಟ್ಟ ಸೀಸೆಯಾಕಾರದ ಮೊಟ್ಟೆಗಳು ಸಿಕ್ಕಾವು, ಎಳ್ಳಿಗಿಂತಲೂ ಸಣ್ಣವು. ಮೊದಲು ಹಸುರುಬಿಳುಪಾಗಿರುವ ಮೊಟ್ಟೆ ಬರಬರುತ್ತ ಹಳದಿಗೆ ತಿರುಗುತ್ತದೆ. ಎಲೆ ಕೀಳಬಾರದು.

ಒಂದೆರಡು ವಾರದಲ್ಲಿ ಹೊರಬರುವ ಹುಳು ಅದೇ ಎಲೆಯ ಹಸುರಿನದು. ನಡುನರದ ಮೇಲೆ ಉದ್ದಕ್ಕೆ ಮಲಗಿಬಿಟ್ಟರೆ ಕಣ್ಣಿಗೆ ಬೀಳದು. ನಾನು ಹುಳುವನ್ನು ಹುಡುಕದೆ ಎಲೆಯಲ್ಲಿರುವ ತೂತುಗಳನ್ನು ಹುಡುಕುತ್ತೇನೆ. ಸುಮಾರು ಒಂದು ತಿಂಗಳು ಮೇಯ್ದು, ಪೊರೆ ಕಳಚುತ್ತ ಬೆಳೆದು, ಸೊಂಟಕ್ಕೊಂದು ರೇಷ್ಮೆಯೆಳೆ ಬಿಗಿದುಕೊಂಡು ಅದು ಕೋಶಾವಸ್ಥೆಗೆ ಸೇರುತ್ತದೆ. ಆ ಕೋಶವೂ ಸುರುಳಿ ಸುತ್ತಿದ ಹಸುರೆಲೆಯೇ. ನನಗೆ ಇದುವರೆಗೆ ದೊರೆತದ್ದು ಎರಡೇ ಎರಡು.

ಜುಲೈಯಲ್ಲಿ ಹೊಸ ತಲೆಮಾರು ಹೊರಬೀಳುತ್ತದೆ. ಈಗ ಟೀಸಲ್, ಥಿಸಲ್ ಹೂಗಳ ಬಳಿ ಕಾಯಿರಿ. ಉದ್ದನೆಯ ಸೊಂಡಿಲನ್ನು ಆಳಕ್ಕಿಳಿಸಿ ಮಧು ಹೀರುವಾಗ ಇದರಷ್ಟು ನಿಶ್ಚಿಂತ ಪ್ರಾಣಿ ಇನ್ನೊಂದಿಲ್ಲ. ಹಾಗೆ ಮೈ ತುಂಬಿಸಿಕೊಂಡು, ಶರತ್ತಿನಲ್ಲಿ ಐವಿಯ ಬಳ್ಳಿಯೊಳಗೋ ಹಾಲಿಯ ಪೊದೆಯೊಳಗೋ ಹೊಕ್ಕು, ಎಲೆಯ ನಡುವೆ ಎಲೆಯಾಗಿ ಇಡೀ ಚಳಿಗಾಲ ನಿದ್ರಿಸುತ್ತದೆ. ಬ್ರಿಟನ್ನಿನ ಪಾತರಗಿತ್ತಿಗಳಲ್ಲಿ ಅತಿ ದೀರ್ಘಾಯುಗಳ ಸಾಲಿನಲ್ಲಿ ಇದಕ್ಕೆ ಸ್ಥಾನ ಸಂದಿರುವುದು ಈ ನಿದ್ರೆಯಿಂದಲೇ. ಆ ತಿಂಗಳುಗಳಲ್ಲಿ ಚಿತ್ರದ ಆಸೆಗೆ ಐವಿಯನ್ನು ಅಲುಗಿಸಕೂಡದು. ಮಗಳ ಹಿತ್ತಿಲ ಬೇಲಿಯಲ್ಲಿ ಆ ಬಳ್ಳಿ ದಟ್ಟವಾಗಿದ್ದು, ಅಳಿಯಂದಿರು ಕತ್ತರಿ ಹಿಡಿದು ಹೊರಟರೆ, ಮೇ ತಿಂಗಳವರೆಗೆ ತಡೆಯಿರೆಂದು ಹೇಳಿ.