ಬುಕಾನನ್‌ನನ್ನು ಮತ್ತೆ ಓದುವವರಿಗೆ

ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ತಂದ ಬಟ್ಟೆ ಗಿರಣಿಯ ಕತೆ ಶುರುವಾಗುವುದು 1884ರಲ್ಲಿ. ಅದಕ್ಕೂ ಹಿಂದೆ ಬೆಂಗಳೂರಿನ ನೇಕಾರರು ಹೇಗಿದ್ದರೆಂದು ತಿಳಿಯಬೇಕೇ? ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಕಥನವನ್ನು ಮತ್ತೊಮ್ಮೆ ತೆರೆಯಿರಿ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅವನನ್ನು ಕಳಿಸಿದ್ದು ಗವರ್ನರ್ ಜನರಲ್ ವೆಲ್ಲೆಸ್ಲಿ ಎಂಬುದು ನೆನಪಿರಲಿ. ಗೆದ್ದ ನಾಡಿನ ಬೆಳೆ, ಕಸುಬು, ವ್ಯಾಪಾರದ ಲೆಕ್ಕ ಈಸ್ಟ್ ಇಂಡಿಯಾ ಕಂಪನಿಗೆ ಬೇಕಿತ್ತು. ಹಾಗಾಗಿ ಟಿಪ್ಪುವಿನ ಬಗ್ಗೆ ಅವನು ಕೊಡುವ ತೀರ್ಪನ್ನು ಒಮ್ಮೆಲೇ ಒಪ್ಪಬೇಡಿ. ಮಗ್ಗ, ಬಣ್ಣ, ಕೂಲಿ, ಸಂತೆಯ ವಿವರಗಳನ್ನು ಮಾತ್ರ ಬಿಡಬೇಡಿ. ಕಂಪನಿ ಮತ್ತು ನಿಜಾಮರ ಸೀಮೆಗಳೊಡನೆ ಟಿಪ್ಪು ವ್ಯಾಪಾರ ತಡೆದದ್ದು ಇಲ್ಲಿನ ವರ್ತಕರನ್ನು ಹೇಗೆ ತಟ್ಟಿತೆಂಬುದೂ ಅಲ್ಲಿದೆ. ಆದರೆ ಬರೆದುಕೊಂಡವನು ಗೆದ್ದವರ ನೌಕರ. ಹೇಳಿದವರು ಹೊಸ ದೊರೆಗಳಡಿ ಬಾಳಬೇಕಿದ್ದವರು.

ಮೂರು ಸಂಪುಟಕ್ಕೆ ಹೆದರಬೇಡಿ. ಮೊದಲನೆಯದರ ಬೆಂಗಳೂರು ಪುಟಗಳಿಂದಲೇ ಶುರುಮಾಡಿ. ಪೆನ್ಸಿಲ್ ಹಿಡಿದು ಅವನು ಕಣ್ಣಾರೆ ಕಂಡದ್ದಕ್ಕೆ ಒಂದು ಗುರುತು, ಕೇಳಿ ಬರೆದದ್ದಕ್ಕೆ ಇನ್ನೊಂದು, ಸರ್ಕಾರಕ್ಕೆ ಕೊಟ್ಟ ಸಲಹೆಗೆ ಮತ್ತೊಂದು ಹಾಕಿ. ಆ ಕಾಲದ ರಾಜಕೀಯ ಹೆಚ್ಚಾಗಿ ಸಿಗುವುದು ಮೂರನೆಯ ಗುರುತಿನ ಸಾಲುಗಳಲ್ಲೇ.